ಆಟಿಯ ಮಳೆಯಲ್ಲಿ ಅಂಟಿನ ಹೊಳಪು

ದೊಡ್ಡಪ್ಪನ ಹುಟ್ಟಿದ ದಿನಕ್ಕೆ ಕೈಯಾರೆ ಒಂದು ಪೆನ್ನು ಮಾಡಿ ಕೊಡಬೇಕು ಅಂತ ನಾನು ಹೊರಟದ್ದು ಜುಲೈ ಕೊನೆಯಲ್ಲಿ. ಅಂದರೆ ತುಳುವರ ಮಳೆಗಾಲದ ತಿಂಗಳಾದ ಆಟಿಯ ನಡುವಿನಲ್ಲಿ. ಉಡುಪಿಯಲ್ಲಿ ಆಗ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ.

ಮರ ಮಾತ್ರ ಮೊದಲೇ ಗೊತ್ತಿತ್ತು. ಹಿರಿಯಡಕದ ಹತ್ತಿರದ ನಮ್ಮ ಹಳೆ ಹಂಚಿನ ಮನೆ ಬಿಚ್ಚಿದಾಗ ಎದುರು ಬಾಗಿಲಿನ ದಾರಂದದ ಒಂದು ತುಂಡು ಎತ್ತಿಟ್ಟುಕೊಂಡಿದ್ದೆ. ಹಲಸಿನ ಮರ. ಹಲಸು ಕೊಯ್ದ ಹೊಸತರಲ್ಲಿ ಹಳದಿ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ಬರುತ್ತದೆ. ದೊಡ್ಡಪ್ಪ ಹುಟ್ಟಿದ್ದು ಅದೇ ಮನೆಯಲ್ಲಿ.

ಪೆನ್ನು ಕಡೆಯುವುದು ಅಷ್ಟು ಕಷ್ಟವಲ್ಲ. ತುಂಡಿಗೆ ಉದ್ದಕ್ಕೆ ತೂತು ಕೊರೆದು ಹಿತ್ತಾಳೆ ಕೊಳವೆ ಅಂಟಿಸಿ, ಅದನ್ನು ಗರಗರ ತಿರುಗಿಸುವ ಲೇತಿಗೆ ಕಟ್ಟಿ ಉಳಿ ಹಿಡಿದರೆ ಅರ್ಧ ಗಂಟೆಯಲ್ಲಿ ಆಕಾರ ಬರುತ್ತದೆ. ಆಮೇಲೆ ಪಾಲಿಶ್ ಪೇಪರಿನಲ್ಲಿ 150ನೇ ನಂಬರಿನಿಂದ 600ರವರೆಗೆ ಉಜ್ಜಬೇಕು, ನಂಬರು ಹೆಚ್ಚಾದ ಹಾಗೆ ಪೇಪರು ನಯ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಮೇಣ ಹಚ್ಚಿದರೆ ಚಂದ ಕಾಣುತ್ತದೆ, ಆದರೆ ನಮ್ಮ ಕರಾವಳಿಯ ಬೆವರು ಕೈಗೆ ಹೆಚ್ಚು ದಿನ ಬಾಳುವುದಿಲ್ಲ. ದೊಡ್ಡಪ್ಪ ದಿನಾ ಬರೆಯುವವರು. ಹಾಗಾಗಿ ಅಂಟಿನ ಲೇಪವೇ ಆಗಬೇಕು ಅಂತ ನನಗಿತ್ತು. ಕಿತ್ತ ಚಪ್ಪಲಿಗೆ ಹಾಕುವ ಫೆವಿಕ್ವಿಕ್ ಜಾತಿಯ ಅಂಟೇ ಅದು, ಸಯನೊಅಕ್ರಿಲೇಟ್. ತೆಳ್ಳಗೆ ಪದರ ಪದರವಾಗಿ ಹಚ್ಚಿದರೆ ಮರದ ಮೇಲೆ ಗಾಜಿನ ಹಾಗೆ ಕೂರುತ್ತದೆ. ನೀರು, ಬೆವರು ಯಾವುದೂ ಒಳಗೆ ಇಳಿಯುವುದಿಲ್ಲ.

ಮೊದಲ ಪೆನ್ನಿಗೆ ಒಂದು ಸಂಜೆ ಹಚ್ಚಿದೆ. ಹೊರಗೆ ಒಂದೇ ಸಮ ಮಳೆ. ಬೇಗ ಗಟ್ಟಿಯಾಗಲಿ ಅಂತ ಪ್ರತಿ ಪದರಕ್ಕೂ ಅಂಟು ಗಟ್ಟಿ ಮಾಡುವ ಸ್ಪ್ರೇ ಹೊಡೆದೆ. ದಪ್ಪ ದಪ್ಪ ಆರು ಪದರ. ಲೈಟಿನ ಕೆಳಗೆ ಹಿಡಿದಾಗ ಕನ್ನಡಿಯ ಹಾಗಿತ್ತು. ಬೆಳಿಗ್ಗೆ ನೋಡಿದರೆ ಮೈಯೆಲ್ಲಾ ಮಂಜು ಕವಿದಿದೆ. ಅಲ್ಲಲ್ಲಿ ಹಾಲಿನ ಹನಿ ಬಿದ್ದ ಹಾಗೆ ಬಿಳಿ ಕಲೆ, ಒಳಗೆ ಸಣ್ಣ ಸಣ್ಣ ಗುಳ್ಳೆ. ಉಜ್ಜಿದರೆ ಹೋಗಲಿಲ್ಲ. ಮಂಜು ಇದ್ದದ್ದು ಪದರದ ಒಳಗೆ.

ತುಂಬಾ ಬೇಸರವಾಯಿತು. ಆ ಮರ ಮತ್ತೆ ಸಿಗುವಂಥದ್ದಲ್ಲ. ಇನ್ನೊಂದು ಪೆನ್ನಿಗೆ ಆಗುವಷ್ಟು ಮಾತ್ರ ಉಳಿದಿತ್ತು.

ಅದನ್ನು ಹಿಡಿದುಕೊಂಡು ನಮ್ಮ ಮನೆಯ ಮರದ ಕೆಲಸ ಮಾಡುವ ಆಚಾರ್ರ ಹತ್ತಿರ ಹೋದೆ. ಅವರು ಈ ಅಂಟನ್ನು ಹೀಗೆ ಹಚ್ಚುವವರಲ್ಲ. ಆದರೆ ಮರದ ತುಂಡನ್ನು ಕೈಯಲ್ಲಿ ತೂಗಿ ನೋಡಿದರು, ಕೆನ್ನೆಗೆ ತಾಗಿಸಿ ನೋಡಿದರು.

"ಇದು ನೀರು ಕುಡಿದಿದೆ ಮಾರಾಯ್ರೇ."

"ಎಷ್ಟೋ ವರ್ಷದ ಹಿಂದಿನ ಮರ ಅಲ್ವಾ ಆಚಾರ್ರೇ, ಒಣಗದೆ ಉಂಟಾ?" ಅಂದೆ.

"ಮಳೆಗಾಲದಲ್ಲಿ ಬಾಗಿಲು ಬಿಗಿ ಆಗುವುದಿಲ್ವಾ? ಇದು ಅದೇ ಬಾಗಿಲಿನದ್ದಲ್ವಾ?"

ನನಗೆ ಎಲ್ಲ ಬಿಡಿಸಿಕೊಂಡದ್ದು ಅಲ್ಲಿ. ಈ ಅಂಟು ಆರಿ ಗಟ್ಟಿಯಾಗುವುದಲ್ಲ, ನೀರಿನಿಂದ ಗಟ್ಟಿಯಾಗುವುದು. ಗಾಳಿಯಲ್ಲಿ, ಮರದ ಮೈಮೇಲೆ ಇರುವ ಕಣ್ಣಿಗೆ ಕಾಣದ ತೇವ ಸಾಕು ಅದಕ್ಕೆ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಕೈಗೆ ಬಂದು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬಿಟ್ಟುಬಿಟ್ಟಿದ್ದರಂತೆ. ಹಾಗೆ ಅಂಟುವುದಕ್ಕೂ ಕಾರಣ ಆ ತೇವವೇ. ಅಂಗಡಿಗೆ ಬಂದದ್ದು 1958ರಲ್ಲಿ. ಸ್ವಲ್ಪ ತೇವವಿದ್ದರೆ ಲೇಪ ನಿಧಾನಕ್ಕೆ, ಸ್ವಚ್ಛವಾಗಿ ಕೂರುತ್ತದೆ. ನಮ್ಮ ಆಟಿಯ ಗಾಳಿ, ನೀರು ಕುಡಿದ ಮರ, ಮೇಲಿಂದ ನಾನು ಹೊಡೆದ ಸ್ಪ್ರೇ ಮೂರೂ ಸೇರಿ ಅದನ್ನು ಒಮ್ಮೆಲೇ ಗಟ್ಟಿ ಮಾಡಿದ್ದವು. ಮಂಜು ಒಳಗೇ ಸಿಕ್ಕಿಹಾಕಿಕೊಂಡಿತ್ತು.

ಉಳಿದ ತುಂಡನ್ನು ಅಮ್ಮ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬದ ಪಕ್ಕ ಇಟ್ಟರು. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆ. 27 ಗ್ರಾಂ ಇದ್ದದ್ದು ಇಳಿಯುತ್ತಾ ಇಳಿಯುತ್ತಾ 25ಕ್ಕೆ ಬಂತು. ಮೂರು ದಿನ ಅಲ್ಲೇ ನಿಂತಿತು. ಆಗ ಕೊರೆದೆ.

ಈ ಸಲ ಬಿಸಿಲು ಬಿದ್ದ ಒಂದು ಮಧ್ಯಾಹ್ನಕ್ಕೆ ಕಾದೆ. ಅಂಟಿನ ಬಾಟಲಿ ಫ್ರಿಜ್ಜಿನಲ್ಲಿತ್ತು. ಅದನ್ನು ಎರಡು ಗಂಟೆ ಮೊದಲೇ ಹೊರಗಿಟ್ಟೆ. ತಣ್ಣಗಿರುವಾಗ ಮುಚ್ಚಳ ತೆಗೆದರೆ ಒಳಗೆ ಇಬ್ಬನಿ ಕೂರುತ್ತದೆ. ಲೇತಿನ ಮೇಲೆ ಮರದ ಎರಡೂ ತುದಿಗೆ ಸಿಕ್ಕಿಸುವ ಲೋಹದ ಬುಷ್‌ಗಳಿಗೆ ಮೇಣದಬತ್ತಿ ಉಜ್ಜಿದೆ, ಪೆನ್ನು ಅವಕ್ಕೆ ಅಂಟಿಕೊಳ್ಳದಿರಲಿ ಅಂತ. ಕಿಟಕಿ ತೆರೆದೆ, ಕನ್ನಡಕ ಹಾಕಿದೆ. ಇದರ ಹೊಗೆ ಕಣ್ಣು ಉರಿಸುತ್ತದೆ. ಬಟ್ಟೆಯಲ್ಲಿ ಮಾತ್ರ ಯಾರೂ ಹಚ್ಚಬಾರದು. ಹತ್ತಿಗೆ ಈ ಅಂಟು ತಾಗಿದರೆ ಬೆರಳು ಸುಡುವಷ್ಟು ಬಿಸಿಯೇಳುತ್ತದೆ. ಮಡಚಿದ ಟಿಶ್ಯೂ ಪೇಪರ್ ಒಳ್ಳೆಯದು.

ಲೇತ್ ನಿಧಾನಕ್ಕೆ ಬಿಟ್ಟು, ಎರಡು ಹನಿ, ಈ ತುದಿಯಿಂದ ಆ ತುದಿಗೆ ಒಂದೇ ಸಲ. ಹಿಂದೆ ಬರಬಾರದು. ಬಂದರೆ ಅರ್ಧ ಗಟ್ಟಿಯಾದ ಅಂಟು ಎಳೆದುಕೊಂಡು ಗೆರೆ ಬೀಳುತ್ತದೆ. ಸ್ಪ್ರೇ ಮುಟ್ಟಲಿಲ್ಲ. ಪದರಕ್ಕೆ ಐದು ನಿಮಿಷ ಸುಮ್ನೆ ಕೂತೆ. ಹನ್ನೆರಡು ಪದರ ಆಗುವಾಗ ಬಿಸಿಲು ಹೋಗಿತ್ತು. ರಾತ್ರಿ ಹಾಗೇ ಬಿಟ್ಟೆ.

ಮರುದಿನ ತುದಿಗಳಿಗೂ ಒಂದೊಂದು ಹನಿ ಹಚ್ಚಿ ಮುಚ್ಚಿದೆ. ಇಲ್ಲದಿದ್ದರೆ ವಾಟರ್ ಪೇಪರ್ ಹಾಕುವಾಗ ನೀರು ಬದಿಯಿಂದ ನುಗ್ಗಿ ಲೇಪವನ್ನೇ ಎಬ್ಬಿಸುತ್ತದೆ. ಅದು ಗಟ್ಟಿಯಾದ ಮೇಲೆ 800ರಿಂದ 2000ದವರೆಗೆ ಒದ್ದೆ ಮಾಡಿ ಉಜ್ಜಿದೆ. ಉಜ್ಜುವಾಗ ತಗ್ಗಿದ್ದಲ್ಲಿ ಹೊಳಪು ಉಳಿಯುತ್ತದೆ, ಉಳಿದ ಕಡೆ ಮಂಕಾಗುತ್ತದೆ. ಎಲ್ಲ ಕಡೆ ಒಂದೇ ಮಂಕು ಬರುವವರೆಗೆ ಬಿಡಬಾರದು. ಕೊನೆಗೆ ಕಾರಿಗೆ ಹಾಕುವ ರಬ್ಬಿಂಗ್ ಕಂಪೌಂಡ್. ಒರೆಸಿದಾಗ ಒಳಗಿನಿಂದ ಜೇನು ಬಣ್ಣ ಎದ್ದು ಬಂತು. ಕ್ಲಿಪ್ಪಿನ ಹತ್ತಿರ ಸಾಸಿವೆಯಷ್ಟು ಒಂದು ಬಿಳಿ ಚುಕ್ಕಿ ಉಳಿದಿದೆ. ಕೊರೆದು ತೆಗೆಯಲು ಮನಸ್ಸು ಬರಲಿಲ್ಲ.

ದೊಡ್ಡಪ್ಪ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವ ಮರ ಮಗಾ?"

"ಹಿರಿಯಡಕದ ಮನೆಯದ್ದು. ಎದುರು ಬಾಗಿಲಿನ ದಾರಂದ."

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಬ್ಬೆರಳಿನಲ್ಲಿ ಅದನ್ನು ಸವರುತ್ತಲೇ ಇದ್ದರು. ಆಮೇಲೆ ಕಿಟಕಿಯ ಹತ್ತಿರ ಕೂತು, ದಿನದ ಖರ್ಚು ಬರೆಯುವ ಪುಸ್ತಕ ತೆರೆದು ತಾರೀಕು ಹಾಕಿದರು. ಕೆಳಗೆ "ಹಾಲು 1 ಲೀಟರು" ಅಂತ ಬರೆದರು.