ಅದು ಧರ್ಮ ಸಾರ್, ಜಾತಿ ಹೇಳಿ

26 ಅಕ್ಟೋಬರ್ 2025, ಭಾನುವಾರ

ಇವತ್ತಿನ ಶುಭಸಂದೇಶ ಧರ್ಮನಿಷ್ಠ ಫರಿಸಾಯ ಮತ್ತು ಎಲ್ಲರೂ ಪಾಪಿ ಅನ್ನುವ ಸುಂಕದವನ ಕಥೆ. ಲೂಕನದು, 18ನೇ ಅಧ್ಯಾಯ. ಒಬ್ಬ ತಾನು ವಾರಕ್ಕೆ ಎರಡು ಸಲ ಉಪವಾಸ ಮಾಡುವುದನ್ನು, ದಶಮಾಂಶ ಕೊಡುವುದನ್ನು ದೇವರಿಗೇ ಲೆಕ್ಕ ಒಪ್ಪಿಸುತ್ತಾನೆ. ಇನ್ನೊಬ್ಬ ದೂರದಲ್ಲೇ ನಿಂತು ಎದೆ ಬಡಿದುಕೊಳ್ಳುತ್ತಾನೆ. ಸ್ವಾಮಿಗಳು ಪ್ರಬೋಧನೆಯಲ್ಲಿ ಮೊಬೈಲು, ತೋರಿಕೆಯ ಉಪವಾಸ, ಹಬ್ಬಕ್ಕೆ ಮಾತ್ರ ಚರ್ಚಿಗೆ ಬರುವವರು, ಎಲ್ಲವನ್ನೂ ಮುಟ್ಟಿದರು. ಚೆನ್ನಾಗಿಯೇ ಹೇಳಿದರು. ಆದರೆ ಒಂದು ತಿಂಗಳಿಂದ ನಮ್ಮ ಮನೆಗಳಲ್ಲಿ ಕುದಿಯುತ್ತಿರುವ ವಿಷಯ ಮಾತ್ರ ಬರಲಿಲ್ಲ. ಜಾತಿ.

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಜಾತಿ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಯಿತಲ್ಲ, ಅದರ ಕಥೆ. 60 ಪ್ರಶ್ನೆ. ಶುರುವಾಗುವ ಮೊದಲೇ ಪಟ್ಟಿಯಲ್ಲಿದ್ದ ‘ಕುರುಬ ಕ್ರಿಶ್ಚಿಯನ್’, ‘ಒಕ್ಕಲಿಗ ಕ್ರಿಶ್ಚಿಯನ್’ ಥರದ ಹೆಸರುಗಳಿಗೆ ದೊಡ್ಡ ಗಲಾಟೆ ಆಯಿತು. ಆಮೇಲೆ ಅವು ಸಮೀಕ್ಷೆಯ ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡಿದರು. ರಾಜಕೀಯದವರು ಅವರ ಲೆಕ್ಕಕ್ಕೆ ಕೂಗಾಡಿದರು, ಅದು ಇರಲಿ. ನನಗೆ ತಮಾಷೆ ಅನ್ನಿಸಿದ್ದು ನಮ್ಮವರ ಮುಖ. ಬೀದಿಯಲ್ಲಿ ಯಾರೋ ನಮ್ಮ ಮನೆಯ ಹಳೇ ಪೆಟ್ಟಿಗೆ ತೆಗೆದು ತೋರಿಸಿದ ಹಾಗಿತ್ತು.

ದಸರಾ ರಜೆಯಲ್ಲಿ ದೊಡ್ಡಪ್ಪನ ಮನೆಗೆ ಸಮೀಕ್ಷೆಯ ಟೀಚರಮ್ಮ ಬಂದಾಗ ನಾನೂ ಅಲ್ಲೇ ಇದ್ದೆ. ಪಾಪ, ಬಿಸಿಲಲ್ಲಿ ಸುತ್ತಿ ಸುಸ್ತಾಗಿದ್ದರು. ಕೈಯಲ್ಲಿ ಮೊಬೈಲು, ಮಡಿಲಲ್ಲಿ ಪವರ್ ಬ್ಯಾಂಕು.

“ಧರ್ಮ ಸಾರ್?”

“ಕ್ರಿಶ್ಚಿಯನ್.”

“ಜಾತಿ?”

“ಕ್ರಿಶ್ಚಿಯನ್.”

“ಅದು ಧರ್ಮ ಸಾರ್, ಜಾತಿ ಹೇಳಿ.”

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ನಮ್ಮಲ್ಲಿ ಜಾತಿ ಇಲ್ಲಮ್ಮ. ಯೆಹೂದ್ಯ ಇಲ್ಲ, ಗ್ರೀಕ ಇಲ್ಲ, ಕ್ರಿಸ್ತರಲ್ಲಿ ಎಲ್ಲರೂ ಒಂದೇ ಅಂತ ಸಂತ ಪೌಲರೇ ಬರೆದಿದ್ದಾರೆ.” ಟೀಚರಮ್ಮನಿಗೆ ಪೌಲ ಯಾರು ಅಂತ ಗೊತ್ತಿತ್ತೋ ಇಲ್ಲವೋ. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಕಾಫಿ ತಂದಿದ್ದ ದೊಡ್ಡಮ್ಮ ನನ್ನ ಮುಖ ನೋಡಿದರು. ಯಾಕೆ ನೋಡಿದರು ಅಂತ ನನಗೂ ಗೊತ್ತಿತ್ತು. ಅದಕ್ಕೆ ಸ್ವಲ್ಪ ದಿನ ಮೊದಲು ಅವರ ಮಗಳು, ನನ್ನ ತಂಗಿಗೆ ಬಂದಿದ್ದ ಒಂದು ಸಂಬಂಧವನ್ನು ದೊಡ್ಡಪ್ಪ ವಾಪಸ್ ಕಳಿಸಿದ್ದರು. ಹುಡುಗ ಓದಿದ್ದಾನೆ, ಕೆಲಸ ಇದೆ, ಒಂದು ಭಾನುವಾರವೂ ಪೂಜೆ ತಪ್ಪಿಸುವುದಿಲ್ಲ. “ಎಲ್ಲಾ ಸರಿ, ಆದ್ರೆ ನಮ್ಮ ಕಡೆಯವರಲ್ಲ” ಅಂದಿದ್ದರು. ‘ನಮ್ಮ ಕಡೆ’, ‘ಹಳೇ ಮನೆತನ’, ‘ಅವರ ಅಜ್ಜ ಎಲ್ಲಿದ್ರು’. ಜಾತಿ ಅನ್ನದೆಯೇ ಜಾತಿ ಕೇಳುವುದರಲ್ಲಿ ನಾವು ಎಷ್ಟು ಪಳಗಿದ್ದೇವೆ ಅಂದರೆ, ಆ ಆ್ಯಪ್ ನಮ್ಮಿಂದ ಪಾಠ ಕಲಿಯಬೇಕು.

ಇದೇನು ಗುಟ್ಟೂ ಅಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಮೇಲ್ಜಾತಿಯವರನ್ನು ಸೇರಿಸಿಕೊಳ್ಳಲು ಜುಟ್ಟು, ಜನಿವಾರ ಎರಡನ್ನೂ ಉಳಿಸಿಕೊಳ್ಳಲು ಬಿಟ್ಟರು. 1623ರಲ್ಲಿ ರೋಮ್ ಕೂಡ ಒಪ್ಪಿತು. ಮಂಗಳೂರು ಕಡೆಯ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರ್ಡಿ ಅನ್ನುವ ಜಾತಿ ಹೆಸರಿನ ಮಾತು ಇನ್ನೂ ಸತ್ತಿಲ್ಲ. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿ, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಬಾಯಿ ಬಿಟ್ಟು ಒಪ್ಪಿಕೊಂಡರು. ನನಗೆ ಆಗ ಖುಷಿ ಆಗಿತ್ತು. ಮೊದಲ ದಲಿತ ಕಾರ್ಡಿನಲ್ ಆಗಿ ಆಂಥೋನಿ ಪೂಲಾ ಅವರನ್ನು ನೋಡಲು ಮಾತ್ರ 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ನಮ್ಮ ಗಾಯನ ವೃಂದದಲ್ಲಿ ಒಬ್ಬ ಹುಡುಗ ಇದ್ದಾನೆ. ಚರ್ಚಿನಲ್ಲಿ ಅವನಿಗೆ ಒಂದು ಹೆಸರು, ದಾಖಲೆಗಳಲ್ಲಿ ಇನ್ನೊಂದು. ಸಮೀಕ್ಷೆಯವರಿಗೆ ‘ಹಿಂದೂ’ ಅಂದನಂತೆ. ಇದು ಗೊತ್ತಾಗಿ ಇವತ್ತು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅದೇ ಮಾತು. “ಎರಡು ದೋಣಿ ಮೇಲೆ ಕಾಲಿಟ್ಟವನು”, “ಇಂಥವರಿಂದಲೇ ನಮಗೆ ಕೆಟ್ಟ ಹೆಸರು”. ಜಾಸ್ತಿ ಮಾತಾಡಿದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಅವನ ಲೆಕ್ಕ ಬೇರೆ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಕ್ರೈಸ್ತ ಅಂತ ಬರೆಸಿದರೆ ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಹೋಗುತ್ತಾನೆ, ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ತಪ್ಪುತ್ತದೆ. ಊರಿನಲ್ಲಿ ಅವನನ್ನು ನೋಡುವ ಕಣ್ಣು ಮಾತ್ರ ಬದಲಾಗುವುದಿಲ್ಲ. ಹೋದ ವರ್ಷ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಶ್ವಾಸ ಒಂದು ಕಡೆ ಇಟ್ಟುಕೊಂಡು ಬರೀ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಕೋರ್ಟಿನ ಮಾತು ಕೋರ್ಟಿಗೆ. ಅವನು ಮಾಡಿದ್ದು ಸರಿ ಅಂತ ನಾನೂ ಹೇಳುವುದಿಲ್ಲ. ಆದರೆ ಅವನನ್ನು ಕಪಟಿ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಯಾಕೆಂದರೆ ಶುಭಸಂದೇಶದಲ್ಲೂ ಅಂಥವರಿದ್ದಾರೆ. ಯೆಹೂದ್ಯರ ಮುಖಂಡ ನಿಕೊದೇಮ ಯೇಸುವಿನ ಹತ್ತಿರ ಬಂದಿದ್ದು ರಾತ್ರಿ ಹೊತ್ತು. ಅರಿಮತಾಯದ ಯೋಸೇಫ ಜನರಿಗೆ ಹೆದರಿ ಗುಟ್ಟಾಗಿ ಶಿಷ್ಯನಾಗಿದ್ದ, ಯೊವಾನ್ನನೇ ಹಾಗೆ ಬರೆದಿದ್ದಾನೆ. ಇಬ್ಬರಿಗೂ ಯೇಸು ಕಪಟಿ ಅನ್ನಲಿಲ್ಲ. ಆ ಮಾತು ಬಿದ್ದಿದ್ದು ಗೌರವಸ್ಥರಿಗೆ, ಮುಂದಿನ ಸಾಲಿನಲ್ಲಿ ಕೂರುವವರಿಗೆ. ಕೊನೆಗೆ ಹನ್ನೆರಡು ಜನ ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋದಾಗ ಯೇಸುವಿನ ಹೆಣ ಶಿಲುಬೆಯಿಂದ ಇಳಿಸಿ ಮಣ್ಣು ಮಾಡಿದ್ದು ಈ ಹೆದರುಪುಕ್ಕಲರೇ.

ನಿಜವಾದ ಕಪಟದ ಕಥೆ ಬೇಕಿದ್ದರೆ ಯೇಸುವಿನ ಹಿರಿಯ ಶಿಷ್ಯ ಪೇತ್ರನದು ಇದೆ. ಅಂತಿಯೋಕ್ಯದಲ್ಲಿ ಅವನು ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಹೊರಗಿನವರ ಜೊತೆ ಉಣ್ಣದ ಯೆಹೂದ್ಯರು, ಯಾಕೋಬನ ಕಡೆಯವರು, ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ. ಪಂಕ್ತಿಭೇದ ಅಂದರೇನು ಅಂತ ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪೌಲ ಎಲ್ಲರ ಎದುರೇ ಕೇಳಿಬಿಟ್ಟ. ಪೇತ್ರನ ನಂಬಿಕೆಯಲ್ಲಿ ಏನೂ ತಪ್ಪಿರಲಿಲ್ಲ. ಕೇಳಿದ್ದರೆ ಅವನೂ “ಎಲ್ಲರೂ ಒಂದೇ” ಅಂತಲೇ ಅನ್ನುತ್ತಿದ್ದ. ತಪ್ಪಿದ್ದು ಎಲೆಯ ಮುಂದೆ ಕೂರುವ ಜಾಗದಲ್ಲಿ. ಇದು ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯ. ದೊಡ್ಡಪ್ಪ ಟೀಚರಮ್ಮನಿಗೆ ಹೇಳಿದ ವಾಕ್ಯ ಇರುವುದು 3ರಲ್ಲಿ. ಜಗಳ ಬಿಟ್ಟು ಬರೀ ವಾಕ್ಯ ಎತ್ತಿಕೊಂಡರೆ ಬಲು ಸುಲಭ.

ಸಂಜೆ ದೊಡ್ಡಪ್ಪನ ಫೋನ್ ಬಂತು. ತಂಗಿಯ ಬಯೋಡೇಟಾ ಟೈಪ್ ಮಾಡಿಕೊಡಬೇಕಂತೆ. “ಒಳ್ಳೆ ಕಥೋಲಿಕ ಮನೆತನದ ವರ ಬೇಕು ಅಂತ ಹಾಕು” ಅಂದರು.

“ದೊಡ್ಡಪ್ಪ, ಯಾವ ಜಾತಿ ಅಂತಲೇ ಬರೆದುಬಿಡೋಣ. ಸುಮ್ನೆ ಅವರು ಆಸೆ ಇಟ್ಟುಕೊಂಡು ಕಳಿಸೋದು, ನೀವು ವಾಪಸ್ ಮಾಡೋದು ಯಾಕೆ?”

ಆ ಕಡೆ ಟಿವಿ ಸದ್ದು ಕಮ್ಮಿಯಾಯಿತು. “ಹಾಗೆಲ್ಲ ಬರೆಯಕ್ಕಾಗುತ್ತೇನೋ? ನಾಳೆ ಫಾದರ್ ಕೈಗೆ ಸಿಕ್ಕಿದ್ರೆ?”

“ಸಿಗಲಿ ಬಿಡಿ. ಇಲ್ಲಾಂದ್ರೆ ವಾಪಸ್ ಕಳಿಸಿದ್ರಲ್ಲ, ಆ ಹುಡುಗನ್ನೇ ಒಂದ್ಸಲ ಮನೆಗೆ ಊಟಕ್ಕೆ ಕರೀರಿ.”

“ನೀನು ಟೈಪ್ ಮಾಡ್ಬೇಡ. ನಾನು ಅಂಗಡೀಲೇ ಮಾಡಿಸ್ಕೋತೀನಿ” ಅಂತ ಇಟ್ಟುಬಿಟ್ಟರು.

ಮಾಡಿಸಿಕೊಳ್ಳಲಿ. ಮುಂದಿನ ಭಾನುವಾರ ಸಕಲ ಮೃತರ ದಿನ, ಸಮಾಧಿಗೆ ಹೂವು ಇಟ್ಟು ಎಲ್ಲರೂ ಅವರ ಮನೆಯಲ್ಲೇ ಊಟಕ್ಕೆ ಸೇರುತ್ತೇವೆ. ಅಲ್ಲೇ ಕೇಳುತ್ತೇನೆ, ತಂಗಿಯ ಎದುರಿಗೇ.