ಕೆಂಪು ಪೆನ್ಸಿಲ್ ಎಲ್ಲಿ ಓಡಬೇಕು

8 ನವೆಂಬರ್ 2023, ಬುಧವಾರ ರಾತ್ರಿ

ಪುಟ್ಟಿಯ ನಕ್ಷೆ ಇನ್ನೂ ಮೇಜಿನ ಮೇಲೇ ಇದೆ. ಜ್ವಾಲಾಮುಖಿಗಳಿಗೆ ಕೆಂಪು ಬಣ್ಣ ಅಂತ, ಪೆಸಿಫಿಕ್ ಸಾಗರದ ದಡದ ಸುತ್ತ ಸೀರೆಯಂಚಿನ ಹಾಗೆ ಒಂದೇ ಸಮನೆ ಕೆಂಪು. "ಅಗ್ನಿವೃತ್ತ ಅಂದ್ರೆ ಹೀಗೇ ಅಲ್ವಾ ಮಾಮ?" ಪುಸ್ತಕದಲ್ಲಿ ಬರೆದಿರುವುದೇ ಹಾಗೆ, ಅವಳದೇನೂ ತಪ್ಪಿಲ್ಲ. ಆದರೆ ಆ ಕೆಂಪು ಹಾಗೆ ಒಂದೇ ಸಮನೆ ಓಡುವುದಿಲ್ಲ.

ಮೊದಲು ಗುರುತು ಹಾಕಬೇಕಾದ್ದು ದಡವನ್ನಲ್ಲ, ಸಾಗರ ಕಂದಕವನ್ನು, ಅಂದರೆ ಕಡಲತಳದ ಉದ್ದನೆಯ ಆಳ ಕೊರಕಲನ್ನು. ಭೂಮಿಯ ಹೊರಕವಚ ಅಂದರೆ ಕೆಲವು ಭಾರಿ ಚಪ್ಪಡಿಗಳು, ಅವೇ ಫಲಕಗಳು; ಕಡಲತಳದ ಫಲಕ ಪಕ್ಕದ ಫಲಕದ ಅಡಿಗೆ ಬಗ್ಗಿ ಒಳಗಿಳಿಯುವುದು ಅಲ್ಲೇ. ಅದು ಸುಮಾರು 100 ಕಿ.ಮೀ. ಆಳ ಮುಟ್ಟಿದ ಕಡೆ, ನೆತ್ತಿಯ ಮೇಲೆ ಜ್ವಾಲಾಮುಖಿಗಳ ಸಾಲು. ಕಿ.ಮೀ.ಗೊಂದು ಮಿ.ಮೀ. ಲೆಕ್ಕ ಇಟ್ಟುಕೊಂಡು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದೆ. 45 ಡಿಗ್ರಿ ಓರೆಯಲ್ಲಿ ಇಳಿದರೆ ಕಂದಕದಿಂದ 100 ಕಿ.ಮೀ. ಆಚೆ; 30 ಡಿಗ್ರಿಯಾದರೆ 173. ನಿಜವಾದ ಫಲಕ ಅಡಿಕೋಲಿನಷ್ಟು ನೆಟ್ಟಗಿರುವುದಿಲ್ಲ. ಶುರುವಿನಲ್ಲಿ ಇನ್ನೂ ಮಟ್ಟಸವಾಗಿಯೇ ಸರಿಯುತ್ತದೆ, ದೂರ ಬೆಳೆಯುತ್ತದೆ. ಈಶಾನ್ಯ ಜಪಾನಿನಲ್ಲಿ ಅದು ಸುಮಾರು 250 ಕಿ.ಮೀ.

"ಉಜ್ಜಿ ಉಜ್ಜಿ ಬಿಸಿಯಾಗಿ ಕರಗತ್ತಾ?"

ಎಲ್ಲರೂ ಎಡವುವುದು ಇಲ್ಲೇ. ಇಳಿಯುವ ಫಲಕ ಸುತ್ತಲಿನ ಬಂಡೆಗಿಂತ ತಣ್ಣಗಿರುತ್ತದೆ. ಅದು ಹೊತ್ತೊಯ್ಯುವುದು ನೀರನ್ನು: ಹರಿಯುವ ನೀರಲ್ಲ, ಸರ್ಪೆಂಟೀನ್‌ನಂಥ ಖನಿಜಗಳ ಒಳಗೇ ಕಟ್ಟಿಕೊಂಡದ್ದು. ಒತ್ತಡ, ಶಾಖ ಏರಿದಂತೆ ಆ ಖನಿಜ ನೀರು ಬಿಟ್ಟುಕೊಡುತ್ತದೆ, ನೀರು ಮೇಲಿನ ಬಿಸಿ ಮ್ಯಾಂಟಲ್‌ಗೆ (ಹೊರಕವಚದ ಕೆಳಗಿನ ದಪ್ಪ ಬಂಡೆಪದರಕ್ಕೆ) ಏರುತ್ತದೆ, ಅಲ್ಲಿನ ಬಂಡೆಯ ಕರಗುವ ಬಿಂದು ನೂರಾರು ಡಿಗ್ರಿ ಕುಸಿಯುತ್ತದೆ. ಐಸಿಗೆ ಉಪ್ಪು ಹಾಕಿದ ಹಾಗೆ. ಯಾರೂ ಒಲೆ ಉರಿ ಹೆಚ್ಚಿಸಲಿಲ್ಲ, ಆದರೂ ಕರಗಿತು. ಅದೇ ನೀರು ಕರಗಿದ ಬಂಡೆಯ, ಅಂದರೆ ಶಿಲಾಪಾಕದ, ಜೊತೆ ಮೇಲೆ ಬಂದು, ಒತ್ತಡ ಇಳಿದೊಡನೆ ಆವಿಯಾಗಿ ಉಬ್ಬಿ ಬೆಟ್ಟವನ್ನೇ ಹಾರಿಸುತ್ತದೆ.

ಪೆರುವಿನ ಮಧ್ಯ, ಉತ್ತರದ ಕೆಂಪನ್ನು ಅಳಿಸಿದೆವು. ಕಂದಕ ಇದೆ, ಭೂಕಂಪವೂ ಇದೆ, ಜೀವಂತ ಜ್ವಾಲಾಮುಖಿ ಇಲ್ಲ. ಅಲ್ಲಿ ಫಲಕ ನೂರು ಕಿ.ಮೀ. ಇಳಿದ ಮೇಲೆ ಅಡ್ಡಡ್ಡ ಮಲಗಿಬಿಟ್ಟಿದೆ; ಅದಕ್ಕೂ ಮೇಲಿನ ಫಲಕಕ್ಕೂ ನಡುವೆ ಕರಗಲು ಬಿಸಿ ಮ್ಯಾಂಟಲ್‌ಗೆ ಜಾಗವೇ ಇಲ್ಲ. ದಕ್ಷಿಣಕ್ಕೆ ಹೋದರೆ ಫಲಕ ಮತ್ತೆ ಓರೆ, ಅರೆಕಿಪಾ ಊರಿನ ಮೇಲೆ ಮತ್ತೆ ಮಿಸ್ತಿ ಬೆಟ್ಟ.

"ನಮ್ಮ ಮಲ್ಪೆಗೆ ಯಾಕಿಲ್ಲ?" ಅಂತ ಕೇಳಿಯೇ ಕೇಳಿದಳು. ನಮ್ಮ ಕರಾವಳಿ, ಎದುರಿನ ಕಡಲತಳ ಎರಡೂ ಒಂದೇ ಫಲಕ. ಮುಳುಗುವವರೇ ಇಲ್ಲ. ಅವಳು ಹತ್ತಿ ಕುಣಿದ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಲಾವಾ ಹೌದು, ಆದರೆ ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋಗುವಾಗಿನದು. ಮುಳುಗಿದ್ದಲ್ಲ, ಬಿರಿದದ್ದು. ಮುಳುಗುವುದನ್ನು ನೋಡಬೇಕೆಂದರೆ ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿ.ಮೀ. ದೂರದ ಬ್ಯಾರನ್ ದ್ವೀಪ. ಒಂದೂವರೆ ಶತಮಾನಕ್ಕೂ ಮೀರಿ ಸುಮ್ಮನಿದ್ದ ಅಲ್ಲಿನ ಜ್ವಾಲಾಮುಖಿ 1991ರಲ್ಲಿ ಎದ್ದಿತು.

ಒಂಬತ್ತೂವರೆಗೆ ಅಕ್ಕ ಬೈದು ಮಲಗಿಸಿದಳು. ಕ್ಯಾಲಿಫೋರ್ನಿಯಾ ಬಾಕಿ ಇದೆ. ಸ್ಯಾನ್ ಆಂಡ್ರಿಯಾಸ್ ಸೀಳಿನಲ್ಲಿ ಫಲಕಗಳು ಪಕ್ಕಪಕ್ಕ ಜಾರುತ್ತವೆ ಅಷ್ಟೆ, ಅಲ್ಲಿ ರಬ್ಬರ್ ಆಡಿಸಬೇಕು. ಲ್ಯಾಸೆನ್ ಬೆಟ್ಟದಿಂದ ಉತ್ತರಕ್ಕೆ ಹುವಾನ್ ಡಿ ಫ್ಯೂಕಾ ಫಲಕ ಮುಳುಗುತ್ತಿದೆ, ಅಲ್ಲಿ ಕೆಂಪು ಇರಲಿ, 1980ರಲ್ಲಿ ಸಿಡಿದ ಸೇಂಟ್ ಹೆಲೆನ್ಸ್ ದಾಟಿ ಕೆನಡಾದವರೆಗೂ, ಆದರೆ ದಡಕ್ಕೆ ಅಂಟಿಸಿ ಅಲ್ಲ, ಇನ್ನೂ ಒಳಗೆ…