ಅತಿಥಿಗಳು ಉಂಡರೋ ಇಲ್ಲವೋ

ಹೈಫಾದಿಂದ ಕಾರ್ಮೆಲ್ ಬೆಟ್ಟ ಹತ್ತಿ ಇಸ್ಫಿಯಾಕ್ಕೆ ಹೋಗಲು ಕಾರಲ್ಲಿ ಹೆಚ್ಚು ಹೊತ್ತು ಬೇಡ. ಅರಬ್ಬಿ ಮಾತಾಡುವ, ತಮ್ಮದೇ ಬೇರೆ ಧರ್ಮವಿರುವ ಡ್ರೂಜರು ಜಾಸ್ತಿ ಇರುವ ಊರು. ಕ್ರೈಸ್ತರು, ಮುಸ್ಲಿಮರೂ ಇದ್ದಾರೆ. ನಾನು ನೋಡಿಕೊಳ್ಳುವ ಯಹೂದಿ ಅಜ್ಜಿ ಅಲ್ಲಿನ ಸರ್ವಧರ್ಮದ ಕೂಟವನ್ನು ತಪ್ಪಿಸುವುದಿಲ್ಲ. ವೀಲ್‌ಚೇರ್ ತಳ್ಳಿಕೊಂಡು ನಾನೂ ಹೋಗುತ್ತೇನೆ. ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಈ ಕೆಲಸಕ್ಕೆ ಬಂದವರು ಬಹಳ ಮಂದಿ ಇದ್ದೇವೆ.

ಕೂಟದಲ್ಲಿ ರಾಜಕೀಯ ಮಾತಾಡುವಂತಿಲ್ಲ. ಇಂಥ ಕಾಲದಲ್ಲಿ ಇದು ನುಣುಚಿಕೊಳ್ಳುವುದಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಗನನ್ನು ಸೈನ್ಯಕ್ಕೆ ಕಳಿಸಿದವರು, ಗಾಜಾದಲ್ಲಿ ನೆಂಟರನ್ನು ಕಳೆದುಕೊಂಡವರು ಅಲ್ಲಿ ಅಕ್ಕಪಕ್ಕ ಕೂರುತ್ತಾರೆ. ಆ ಮಾತು ಎತ್ತಿದರೆ ಮುಂದಿನ ಸಲ ಯಾರೂ ಬರಲಾರರು.

ಕಳೆದ ಕೂಟ ಡ್ರೂಜರೊಬ್ಬರ ಮನೆಯಲ್ಲಿ, ವಿಷಯ ಅತಿಥಿ ಸತ್ಕಾರ. ಅಬ್ರಹಾಮನ ಗುಡಾರಕ್ಕೆ ಮೂವರು ಅಪರಿಚಿತರು ಬಂದ ಕಥೆಯನ್ನು ಅಜ್ಜಿ ಹೀಬ್ರೂವಿನಲ್ಲಿ ಓದಿದರು. ಕೆಥೋಲಿಕಳಾದ ನಾನು ಚಿಕ್ಕಂದಿನಿಂದ ಕೇಳಿದ್ದೇ. ಅವನು ಕಾಲು ತೊಳೆಯಲು ನೀರು ತರಿಸುತ್ತಾನೆ, ಕರುವಿನ ಅಡುಗೆ ಮಾಡಿಸುತ್ತಾನೆ, ಅವರು ಮರದ ಕೆಳಗೆ ಕೂತು ಉಣ್ಣುತ್ತಾರೆ.

ಆಮೇಲೆ ಮುಸ್ಲಿಂ ಮಾಸ್ಟ್ರೊಬ್ಬರು ಇದೇ ಕಥೆಯನ್ನು ಕುರಾನಿನಿಂದ ಹೇಳಿದರು. ಅದರಲ್ಲಿ ಅತಿಥಿಗಳು ಊಟಕ್ಕೆ ಕೈ ಹಾಕುವುದೇ ಇಲ್ಲ. ದೇವದೂತರಲ್ವಾ! ಇಬ್ರಾಹಿಮರಿಗೆ ಹೆದರಿಕೆಯಾಗುತ್ತದೆ. "ಮನೆಗೆ ಬಂದವರು ಅನ್ನ ಮುಟ್ಟದಿದ್ದರೆ ಯಾರಿಗೂ ಹೆದರಿಕೆಯೇ" ಅಂದರು ಮಾಸ್ಟ್ರು.

ಯಹೂದಿ ಗಂಡಸರ ಸಣ್ಣ ಟೋಪಿ ಕಿಪ್ಪಾ ಹಾಕಿದ್ದ ಒಬ್ಬರು ಕೂಡಲೇ, "ನಮ್ಮ ಹಿರಿಯರೂ ಅವರು ಉಂಡ ಹಾಗೆ ತೋರಿಸಿದರಷ್ಟೇ ಅಂದಿದ್ದಾರೆ" ಅಂದರು. ಅಜ್ಜಿ ಒಪ್ಪಲೇ ಇಲ್ಲ. ಉಂಡರು ಅಂತ ಬರೆದಿದೆಯಲ್ಲ! ನಜರೇತಿನಿಂದ ಬಂದಿದ್ದ ಅರಬ್ ಕ್ರೈಸ್ತ ಹೆಂಗಸು ಅಜ್ಜಿಯ ಪರ ನಿಂತರು, ಕಿಪ್ಪಾದವರು ಮಾಸ್ಟ್ರ ಕಡೆಯಾದರು. ಯಹೂದಿಗಳು ಈ ಕಡೆ, ಅರಬರು ಆ ಕಡೆ ಅನ್ನುವುದು ಆ ಹೊತ್ತಿಗೆ ಇರಲೇ ಇಲ್ಲ. ಇದನ್ನು ನೋಡುವುದಕ್ಕೇ ನಾನು ಹೋಗುತ್ತೇನೆ.

ಡ್ರೂಜರು ತಮ್ಮ ಧರ್ಮಗ್ರಂಥವನ್ನು ಎಲ್ಲರೆದುರು ಓದುವುದಿಲ್ಲ. ಬಿಳಿ ಪೇಟ ಸುತ್ತಿದ್ದ ಮನೆ ಯಜಮಾನರು ಬರೀ ಬಾಯಲ್ಲಿ ನಬಿ ಶುಐಬರ ಬಗ್ಗೆ ಹೇಳಿದರು. ಡ್ರೂಜರ ಈ ಪ್ರವಾದಿಯೇ ಬೈಬಲ್ಲಿನ ಇತ್ರೋ, ಮೋಶೆಯ ಮಾವ. ತಿಬೇರಿಯ ಹತ್ತಿರದ ಅವರ ಸಮಾಧಿಗೆ ಪ್ರತಿ ಏಪ್ರಿಲ್ 25ಕ್ಕೆ ಡ್ರೂಜರು ಸೇರುತ್ತಾರೆ. ಈಜಿಪ್ಟಿನಿಂದ ಓಡಿಬಂದ ಮೋಶೆಯನ್ನು ಮನೆಗೆ ಕರೆಸಿ ಊಟ ಹಾಕಿದವರು ಅವರೇ ತಾನೆ?

ನಿಮ್ಮಲ್ಲಿ ಹೇಗೆ ಅಂತ ನನ್ನನ್ನೂ ಕೇಳಿದರು. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತೇವೆ ಅಂದೆ.

ಹೊರಗೆ ಯಜಮಾನರ ಹೆಂಡತಿ ಕವುಚಿಟ್ಟ ಬಾಣಲೆಯಂಥ ಸಾಜ್ ಮೇಲೆ ತೆಳ್ಳಗಿನ ರೊಟ್ಟಿ ಬೇಯಿಸುತ್ತಿದ್ದರು. ಹಿಟ್ಟನ್ನು ಕೈಯಿಂದ ಕೈಗೆ ಎಸೆದು ಅಗಲ ಮಾಡಿ ಕಾವಲಿಗೆ ಹಾಕುತ್ತಾರೆ. ಬೆಂದ ಮೇಲೆ ಗಟ್ಟಿ ಮೊಸರಿನ ಲಬನೆ, ಎಳ್ಳು ಬೆರೆಸಿದ ಸೊಪ್ಪಿನ ಪುಡಿ ಜಾತರ್ ಸವರಿ ಮಡಚಿ ಕೊಡುತ್ತಾರೆ. ಕಿಪ್ಪಾದವರು ಯಹೂದಿಗಳ ಊಟದ ನಿಯಮ ಕೋಷರ್ ಪಾಲಿಸುವವರು, ಅದನ್ನು ತಿನ್ನುವ ಹಾಗಿಲ್ಲ. ಅವರು ಬಾಯಿ ಬಿಡುವ ಮೊದಲೇ ಆಕೆ ಕಾಗದದ ತಟ್ಟೆಯಲ್ಲಿ ಇಡೀ ಕಿತ್ತಳೆ, ಖರ್ಜೂರ ತಂದಿಟ್ಟರು. ಹೆಚ್ಚದ ಹಣ್ಣಾದರೆ ಅವರಿಗೆ ಅಡ್ಡಿಯಿಲ್ಲ ಅಂತ ಆಕೆಗೆ ಗೊತ್ತಿತ್ತು. ಅವರು ಹೊಟ್ಟೆ ತುಂಬಾ ತಿಂದರು.

ಮುಂದಿನ ಕೂಟ ಮಾಸ್ಟ್ರ ಮನೆಯಲ್ಲಿ, ವಿಷಯ ಉಪವಾಸ. ಅಜ್ಜಿ ಈಗಲೇ ಪುಸ್ತಕ ಹಿಡಿದು ಕೂತಿದ್ದಾರೆ.